ಕರಿಯ ಮೇಲೆ ಬೇರೆ ಬಣ್ಣವಿಲ್ಲ

ಆರನೆಯ ಲಡಿಯನ್ನೂ ಹಂಡೆಯೊಳಗೆ ದೂಡಿ, ಅದು ಮೇಲೆದ್ದು ಬರದಂತೆ ಜಾನಕಿಬಾಯಿ ಕೋಲಿನಿಂದ ಒತ್ತಿ ಹಿಡಿದಳು. ಉಣ್ಣೆಯ ಎಳೆಗಳಿಂದ ಗುಳುಗುಳು ಗುಳ್ಳೆಗಳೆದ್ದವು. ಬೇಡದ ನೆಂಟನೊಬ್ಬನನ್ನು ಹೊಳೆಗೆ ನೂಕಿ ಬಂದವಳ ತೃಪ್ತಿ ಅವಳ ಮುಖದಲ್ಲಿತ್ತು.

ಪಡಸಾಲೆಯಲ್ಲಿ ಮೊರದ ತುಂಬ ಎಳ್ಳು ಹರವಿಕೊಂಡು ಕಲ್ಲು ಆರಿಸುತ್ತಿದ್ದ ಅತ್ತೆ ಕತ್ತೆತ್ತದೆ ಕೇಳಿದರು: "ಮುಂಜಾನಿಂದ ಹಿತ್ತಲದಾಗ ಏನ ಕುದಸ್ಲಿಕತ್ತೀ?"

"ಸ್ವೆಟರಿನ ಉಣ್ಣಿರೀ ಅತ್ಯಾರ. ಬಣ್ಣಾ ಹಾಕ್ಲಿಕತ್ತೇನಿ."

"ಯಾರ ಸ್ವೆಟರು?"

"ನಂದು."

ಅತ್ತೆ ಈಗ ಕತ್ತೆತ್ತಿದರು. "ನಿಂದು?" ಎಂದರು, ದನ ಕನ್ನಡಕ ಕೇಳಿತು ಎಂಬ ಸುದ್ದಿ ಬಂದಂತೆ. "ಮೂರೂ ಹೊತ್ತು ಒಲಿ ಮುಂದ ಕೂಡಾಕಿಗೆ ಎಂಥಾ ಥಂಡೀನಽ ನಮ್ಮವ್ವ."

ಜಾನಕಿಬಾಯಿ ಕೋಲನ್ನು ಇನ್ನಷ್ಟು ಒತ್ತಿದಳು.

ಅವಳು ಮದುವೆಯಾಗಿ ಇಳಕಲ್ಲಿನ ಈ ಓಣಿಗೆ ಬಂದು ಹನ್ನೊಂದು ವರ್ಷ. ತವರಿನಿಂದ ತಂದ ಟ್ರಂಕಿನಲ್ಲಿ ಎರಡು ಹೆಣಿಗೆಯ ಕಡ್ಡಿಗಳಿವೆ ಎಂಬುದು ಗೊತ್ತಾದ ದಿನವೇ ಅವಳ ಹಣೆಬರಹ ನಿಶ್ಚಯವಾಯಿತು. ಗಂಡನಿಗೆ ಮೂರು ಸ್ವೆಟರು, ಮೈದುನನಿಗೆ ಎರಡು, ನಾದಿನಿಗೊಂದು, ನಾದಿನಿಯ ಗಂಡನಿಗೊಂದು, ಆ ಗಂಡ ನಶ್ಯ ಏರಿಸುವಾಗ ಕಿವಿ ಮುಚ್ಚಲು ಒಂದು ಟೊಪ್ಪಿಗೆ. ಅತ್ತೆಗೆ ಶಾಲು. ನಾಲ್ಕು ವರ್ಷದ ಹಿಂದೆ ಗಂಡನ ಮೇಲಧಿಕಾರಿ ಸಾಹೇಬರ ಹೆಂಡತಿ ಸರಸ್ವತೀಬಾಯಿಗೊಂದು ಇಟ್ಟಂಗಿ ಬಣ್ಣದ್ದು. ಆ ವಾರ ಮಗಳಿಗೆ ದಡಾರ ಎದ್ದಿತ್ತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೆಣೆಯುತ್ತ ಎಡಗೈ ಮುಂಗೈಪಟ್ಟಿಯಲ್ಲಿ ಒಂದು ಹೆಣಿಕೆ ತಿರುವಾಗಿ ಬಿದ್ದಿತ್ತು. ಬಿಚ್ಚಿ ಹಾಕಲು ಹೊತ್ತಿರಲಿಲ್ಲ. ಸಾಹೇಬರ ಜೀಪು ಬಾಗಿಲಲ್ಲಿ ನಿಂತಿತ್ತು.

ಅವಳಿಗೆ ಮಾತ್ರ ಒಂದೂ ಇಲ್ಲ. ಬೆಳಗಿನ ಐದಕ್ಕೆ ನೀರು ಸೇದುವಾಗ ಅವಳು ಗಂಡನ ಹರಿದ ಧೋತರವನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದಳು. ಹಗ್ಗ ಹಿಡಿದ ಬೆರಳುಗಳು ಹಗ್ಗದಷ್ಟೇ ಸೆಟೆದಿರುತ್ತಿದ್ದವು.

ಈ ದೀಪಾವಳಿಗೆ, ಸೀರೆ ಬೇಡ, ಬಿಳಿ ಉಣ್ಣೆ ತಾ ಎಂದು ಪುಣೆಯ ಅಣ್ಣನಿಗೆ ಕಾಗದ ಬರೆದಳು. ಆರು ಲಡಿ ಬಂತು. ಪಕ್ಕದ ಮನೆಯ ಬಣ್ಣಗಾರ ಹುಸೇನಸಾಬನಿಂದ ರೇಷ್ಮೆಗೆ ಹಾಕುವ ನೀಲಿ ಪುಡಿ ಒಂದು ಚಿಟಿಕೆ ಇಸಕೊಂಡು, ನಾಲ್ಕು ಲಿಂಬೆಹಣ್ಣು ಹಿಂಡಿ, ಈ ರವಿವಾರ ಬೆಳಿಗ್ಗೆ ಹಂಡೆ ಇಟ್ಟಿದ್ದಳು. ಅವಳಿಗೆ ಬೇಕಾದ ನೀಲಿ ಒಂದೇ: ಪುಷ್ಯಮಾಸದಲ್ಲಿ ಬಾದಾಮಿಯ ಕೆಂಪು ಗುಡ್ಡದ ನೆತ್ತಿಗೆ ಅಂಟಿಕೊಂಡಂತೆ ನಿಲ್ಲುವ ಆಕಾಶದ್ದು. ಅದು ತವರಿನ ಅಟ್ಟದ ಕಿಟಕಿಯಿಂದ ಕಾಣುತ್ತಿತ್ತು.

ಲಡಿಗಳನ್ನು ಎತ್ತಿ ಹಿಂಡಿ ತಂತಿಯ ಮೇಲೆ ಹಾಕಿದಾಗ ಬಣ್ಣ ಕೂದಲೆಳೆಯೂ ಹೆಚ್ಚುಕಡಿಮೆಯಾಗದೆ ಬಂದಿತ್ತು. ಜಾನಕಿಬಾಯಿ ಸೊಂಟದ ಮೇಲೆ ನೀಲಿ ಕೈಯಿಟ್ಟುಕೊಂಡು ನೋಡುತ್ತ ನಿಂತಳು. ಆ ದಿನ ಅವಳು ಸಿಟ್ಟಿಲ್ಲದೆ ಕಳೆದ ಹೊತ್ತು ಅದೇ, ಹೆಚ್ಚೆಂದರೆ ಐದು ನಿಮಿಷ.

ಅಷ್ಟರಲ್ಲಿ ಅವಳ ಗಂಡ ಶ್ರೀನಿವಾಸ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮನುಷ್ಯ. ಸೈಬೀರಿಯದಲ್ಲಿ ಜನವರಿಯ ಚಳಿ ಎಷ್ಟು ಡಿಗ್ರಿ ಎಂದು ನಿದ್ದೆಯಲ್ಲೂ ಹೇಳುತ್ತಿದ್ದರು. ಸ್ವಂತ ಹಿತ್ತಲಿನ ಚಳಿ ಅವರ ನಕಾಶೆಯಲ್ಲಿರಲಿಲ್ಲ.

"ಆಹಾ, ಬಣ್ಣಾ ಹಾಕೇ ಬಿಟ್ಟ್ಯಾ? ಛಲೋ ಆತು ನೋಡು. ಸಂಜೀಮುಂದ ಸರಸ್ವತೀಬಾಯಿಯವರು ಬರ್ತಾರ."

"ಯಾಕ?"

"ಸೀರಿ ತಗೊಳ್ಳಿಕ್ಕೆ ಹುನಗುಂದದಿಂದ ಬರಾವ್ರು. ಮಗಳದು ಲಗ್ನಾಗಿ ಎರಡು ತಿಂಗಳಾತಲ್ಲ, ಆಕೀಗೆ ಒಂದು ಸ್ವೆಟರು ಬೇಕಂತ. ಮನ್ಯಾಗ ಉಣ್ಣಿ ಅದ, ಜಾನಕಿ ಹೆಣದು ಕೊಡ್ತಾಳ ಅಂತ ನಾ ಸಾಹೇಬ್ರಿಗೆ ಹೇಳೇನಿ."

"ಆ ಉಣ್ಣಿ ನಂದು."

"ನಿಂದಽ ಅಂತ ಹೇಳೇನಿ. ನಂದು ಅಂತ ಎಲ್ಲೆ ಹೇಳ್ದೆ?"

"ನಾ ಕೊಡೂದಿಲ್ಲ."

ಮಾಸ್ತರರು ಆಚೀಚೆ ನೋಡಿ ದನಿ ತಗ್ಗಿಸಿದರು. "ವರ್ಗದ ಕಾಗದಕ್ಕ ಸಹಿ ಹಾಕಾವ್ರು ಸಾಹೇಬ್ರು. ಈ ಸಲ ಪಟ್ಟಿಯೊಳಗ ನನ್ನ ಹೆಸರದ. ಎಲ್ಲೆರೆ ದೂರ ಒಗದ್ರ ನೀನಽ ಗಂಟುಮೂಟಿ ಕಟ್ಟಬೇಕು. ಒಂದು ಸ್ವೆಟರಿನ ಮಾತು, ಅಷ್ಟಽ." ಆಮೇಲೆ ತಂತಿಯತ್ತ ನೋಡಿ ಮುಖ ಅರಳಿಸಿಕೊಂಡರು. "ಆಕಾಶದ ಬಣ್ಣ. ಹುಡುಗೀಗೆ ಭಾಳ ಸೇರ್ತದ."

ಹೇಳಿ ಒಳಗೆ ಹೋದರು. ಚಹಾ ಬೇಕು ಎಂದು ಅಲ್ಲಿಂದಲೇ ಕೂಗಿದರು.

ಜಾನಕಿಬಾಯಿ ಚಹಾ ಮಾಡಿಕೊಟ್ಟಳು. ಕಪ್ಪನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ಅರ್ಧ ಚಹಾ ಬಸಿಯೊಳಗೆ ತಾನಾಗಿಯೇ ಇಳಿಯಿತು. "ಬಸ್ಯಾಗ ಹಾಕಿ ಕೊಟ್ಟದ್ದು ಛಲೋ ಆತು" ಎಂದು ಮಾಸ್ತರರು ಕುಡಿದರು. ಅವರಿಗೆ ಯಾರ ಸಿಟ್ಟೂ ತಾಗುತ್ತಿರಲಿಲ್ಲ, ಮೈಗೆ ಎಣ್ಣೆ ಹಚ್ಚಿಕೊಂಡವನ ಮೇಲಿನ ನೀರಿನಂತೆ.

ಅವಳು ಹಿತ್ತಲಿಗೆ ಬಂದಾಗ ಮೋಟು ಗೋಡೆಯಾಚೆ ಲಾಡಬಿ ನಿಂತಿದ್ದಳು. ಹುಸೇನಸಾಬನ ಹೆಂಡತಿ. ದಿನವಿಡೀ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತ ಓಣಿಯ ಸುದ್ದಿಯನ್ನೂ ಅದೇ ರಾಟೆಯಲ್ಲಿ ಸುತ್ತುವವಳು.

"ಬಾಯಾರ, ನಿಮ್ಮ ಗಟಾರ ಇವತ್ತ ನೀಲಿ ಹರಿಯಾಕತ್ತೈತಲ್ಲ. ನಮ್ಮದು ಕೆಂಪು. ಮುಂದ ಹೋಗಿ ಎರಡೂ ಕೂಡಿ ನ್ಯಾರಳಿ ಆಗ್ಯಾವು. ಹುಡುಗ್ರು ಕಾಗದದ ದೋಣಿ ಬಿಟ್ಟಾವು."

ಜಾನಕಿಬಾಯಿ ಗಟಾರವನ್ನು ನೋಡಿದಳು. ತಂತಿಯನ್ನು ನೋಡಿದಳು. ಆಕಾಶದ ಬಣ್ಣ ಆ ಹುಡುಗಿಗೆ ಸೇರುತ್ತದಂತೆ.

"ಲಾಡಬಿ, ಒಂದು ಚಿಟಿಕಿ ಕೆಂಪು ಕೊಡು."

"ಯಾಕ್ರಿ, ಇಷ್ಟು ಚಂದ ಬಂದೈತಿ?"

"ಅದಕ್ಕಽ."

ಬಾದಾಮಿಯ ಆಕಾಶ ಹಂಡೆಗೆ ಹೋಗಿ, ಅರ್ಧ ಗಂಟೆಯಲ್ಲಿ ಜಜ್ಜಿದ ನೇರಳೆಹಣ್ಣಾಗಿ ಹೊರಬಂತು. ಜಾನಕಿಬಾಯಿ ಅದನ್ನು ತಂತಿಗೆ ಒಗೆದಳು. ಯಾರಿಗೂ ಬೇಡವಾಗುವಷ್ಟು ಕೆಟ್ಟಿದೆ ಎಂದು ಅವಳಿಗನ್ನಿಸಿತು. ಲಾಡಬಿ ಗೋಡೆ ದಾಟಿಯೇ ಬಂದಳು. ಲಡಿಯೊಂದನ್ನು ಕೆನ್ನೆಗೆ ಒತ್ತಿಕೊಂಡು, "ಯವ್ವಾ, ಈಗ ಎಲ್ಲಾ ಕಡೆ ಇದಽ ಬಣ್ಣಾ ನಡದೈತ್ರಿ. ಗುಳೇದಗುಡ್ಡದ ಕುಬಸದ ಖಣಾನೂ ಇದರಾಗಽ ಬರಾಕತ್ತಾವು" ಎಂದಳು. ಮಾಸ್ತರರು ಕಿಟಕಿಯಿಂದ ಇಣುಕಿದರು. "ಹೌದಲ್ಲ. ನೀಲಿಗಿಂತ ಇದಽ ಭಾರಿ ಅದ. ಹುಡುಗಿ ಬೆಳ್ಳಗದಾಳ, ಒಪ್ತದ."

"ಹಳದಿ ಮಾಡಿದ್ರ?" ಎಂದಳು ಜಾನಕಿಬಾಯಿ ಹಲ್ಲು ಕಚ್ಚಿ.

"ಹಳದೀನೂ ಒಪ್ತದ."

"ಸಗಣೀ ಬಣ್ಣ ಮಾಡಿದ್ರ?"

"ನಿನ್ನ ಕೈಯಾಗಿಂದು ಅಂದ್ರ ಎಲ್ಲಾ ಒಪ್ತದ" ಎಂದರು ಮಾಸ್ತರರು. ಅವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು. ಹನ್ನೊಂದು ವರ್ಷ ಅವಳನ್ನು ಅದೇ ಹೊಗಳಿಕೆಯಿಂದ ಸುಲಿದಿದ್ದರು.

ಪಡಸಾಲೆಯಿಂದ ಅತ್ತೆ ತೀರ್ಪು ಕೊಟ್ಟರು: "ಹೊಸಾ ಮದುಮಗಳಿಗೆ ಯಾವ ಬಣ್ಣ ಆದ್ರೂ ನಡೀತದ. ಕರೀದೊಂದು ಬಿಟ್ಟು."

ಜಾನಕಿಬಾಯಿಯ ಕೈಯಲ್ಲಿದ್ದ ಕೋಲು ನಿಂತಿತು. "ಕರೀದು ಯಾಕ ಬ್ಯಾಡ್ರಿ ಅತ್ಯಾರ?"

"ಶುಭಾ ಅಲ್ಲ. ಲಗ್ನಾದ ಹುಡುಗೀಗೆ ಯಾರರೆ ಕರೀದು ಎತ್ತಿ ಕೊಡ್ತಾರೇನು? ಮಂದಿ ಮಾರಿಗೆ ಉಗುಳ್ತಾರ. ಅಂದ್ರ, ಒಂದಽ ಒಂದು ಸಲ..."

ಆ ಒಂದು ಸಲ ಯಾವುದೆಂದು ಕೇಳಲು ಜಾನಕಿಬಾಯಿ ಅಲ್ಲಿರಲಿಲ್ಲ. ಒದ್ದೆ ಲಡಿಗಳನ್ನು ಹೆಗಲ ಮೇಲೆ ಹೇರಿಕೊಂಡು ಸೀರೆಯ ನಿರಿಗೆ ಎತ್ತಿ ಮೋಟು ಗೋಡೆ ದಾಟಿಬಿಟ್ಟಿದ್ದಳು. ಕುಲೀನ ಮನೆತನದ ಸೊಸೆ ಗೋಡೆ ಹಾರಿದ್ದನ್ನು ಓಣಿಯ ನಾಲ್ಕು ಕಿಟಕಿಗಳು ನೋಡಿದವು.

ಹುಸೇನಸಾಬ ಎರಡು ಹಂಡೆಗಳ ನಡುವೆ ಕೂತು ಬೀಡಿ ಸೇದುತ್ತಿದ್ದ. ಅವಳ ಮುಖ ನೋಡಿ ಬೀಡಿ ಆರಿಸಿದ.

"ಕರೀ ಬಣ್ಣ ಅದ ಏನು?"

"ಐತ್ರಿ ಅಕ್ಕಾರ. ಹದಿನೈದು ದಿನಾ ಆತು, ಬರೇ ಕರೀದರದಽ ಕೆಲಸ. ಈ ದಿವಸದಾಗ ಕರೀದು ಭಾಳ ಹೋಗ್ತೈತಿ."

ಯಾಕೆ ಎಂದು ಅವಳು ಕೇಳಬಹುದಿತ್ತು. ಸಿಟ್ಟಿಗೆ ಕಿವಿಯಿಲ್ಲ. ಅವಳು ಹತ್ತಿರದ ಹಂಡೆಯತ್ತ ಲಡಿ ಚಾಚಿದಳು.

ಹುಸೇನಸಾಬ ಅಡ್ಡ ಬಂದ. "ತಡೀರಿ, ತಡೀರಿ. ಅದು ಹತ್ತೀ ನೂಲಿನ ಹಂಡೆ, ಕಾಸ್ಟಿಕ್ ಸೋಡಾ ಕುದಿಯಾಕತ್ತೈತಿ. ಉಣ್ಣಿ ಹಾಕಿದ್ರ ಕರಗಿ ಅಂಬಲಿ ಆಗ್ತೈತಿ, ಹುಡುಕಿದ್ರ ಒಂದು ಎಳಿ ಸಿಗೂದಿಲ್ಲ. ಈ ಕಡೇದು ರೇಷ್ಮೀ ಹಂಡೆ. ಹುಳದ್ದು ಆಗಲಿ ಕುರೀದು ಆಗಲಿ, ಜೀವದ ನೂಲು ಇದರಾಗ ಹಾಕಬೇಕು."

ಜಾನಕಿಬಾಯಿ ಎರಡು ಹಂಡೆಗಳ ನಡುವೆ ನಿಂತಳು. ಒಂದು ಕ್ಷಣ ಹತ್ತಿಯ ಹಂಡೆಯೇ ಸರಿ ಎನ್ನಿಸಿತು. ಎಲ್ಲ ಅಂಬಲಿಯಾಗಲಿ, ಸಾಹೇಬರ ಹೆಂಡತಿಗೆ ಬಟ್ಟಲಲ್ಲಿ ಬಡಿಸೋಣ. ಆದರೆ ಬೆಳಗಿನ ಐದರ ಹಗ್ಗ ನೆನಪಾಯಿತು. ಅವಳಿಗೆ ಸ್ವೆಟರು ಬೇಕಾಗಿತ್ತು. ಕರಿಯದೇ ಆಗಲಿ. ಆ ಹೊತ್ತಿನಲ್ಲಿ ಬಾವಿಯ ಹತ್ತಿರ ಅವಳನ್ನು ನೋಡುವವರು ಯಾರು? ಕತ್ತಲೆಯೂ ಕರಿಯೇ.

"ಅಕ್ಕಾರ, ಇನ್ನೊಮ್ಮೆ ವಿಚಾರ ಮಾಡ್ರಿ" ಎಂದ ಹುಸೇನಸಾಬ. "ನೀಲಿ ಮ್ಯಾಲೆ ಕೆಂಪು ಹಾಕಬಹುದು, ಕೆಂಪಿನ ಮ್ಯಾಲೆ ಕರೀದು ಹಾಕಬಹುದು. ಕರೀದರ ಮ್ಯಾಲೆ ಮತ್ತ ಬಣ್ಣ ಇಲ್ಲ. ಅಲ್ಲಿಗೆ ಮುಗೀತು."

"ಮುಗೀಲಿ" ಎಂದಳು ಜಾನಕಿಬಾಯಿ.

ನಾಲ್ಕು ಗಂಟೆಗೆ ಆರು ಲಡಿಗಳು ತಂತಿಯ ಮೇಲೆ ಶ್ರಾದ್ಧದ ಊಟಕ್ಕೆ ಬಂದ ಆರು ಕಾಗೆಗಳಂತೆ ಸಾಲಾಗಿ ಕೂತಿದ್ದವು. ಜಾನಕಿಬಾಯಿಯ ಕೈ ಮೊಣಕೈವರೆಗೆ ಕರ್ರಗಾಗಿತ್ತು. ಹಿತ್ತಲಿಗೆ ಬಂದ ಮಾಸ್ತರರು ಕಾಗೆಗಳನ್ನು ನೋಡಿ ಗೋಡೆ ಹಿಡಿದು ಕೂತರು.

"ಏನ ಮಾಡಿದಿ ಇದು?"

"ಬಣ್ಣಾ."

"ಸಾಹೇಬ್ರ ಮಗಳಿಗೆ ಕರೀದು ಹ್ಯಾಂಗ ಕೊಡ್ಲಿ?"

"ಕೊಡಬ್ಯಾಡ್ರಿ" ಎಂದಳು ಅವಳು. ದಿನವಿಡೀ ಕಾದ ಮಾತು ಅದು.

ಅಷ್ಟರಲ್ಲಿ ಜೀಪು ಬಂತು. ಸರಸ್ವತೀಬಾಯಿ ಕೈಯಲ್ಲೊಂದು ಗಂಟು, ಬಗಲಲ್ಲೊಂದು ಚೀಲ ಹಿಡಿದು ಇಳಿದು, ಪಡಸಾಲೆಯ ಒಂದೇ ಕುರ್ಚಿಯನ್ನು ತುಂಬಿ ಕೂತರು. ಮಾಸ್ತರರು ಹವೆಯ ಬಗ್ಗೆ ಮಾತಾಡಿದರು, ಉತ್ತರದ ಗಾಳಿಯ ಬಗ್ಗೆ ಮಾತಾಡಿದರು. ಗಾಳಿಯೂ ಮುಗಿಯಿತು.

"ಮತ್ತ, ಉಣ್ಣಿ ಎಲ್ಲೆ?" ಎಂದರು ಸರಸ್ವತೀಬಾಯಿ.

ಜಾನಕಿಬಾಯಿ ತಾನೇ ಹೋಗಿ ಆರೂ ಲಡಿ ತಂದು ಅವರ ಮುಂದೆ ಚಾಪೆಯ ಮೇಲೆ ಸುರಿದಳು. "ನೋಡ್ರಿ. ಬಣ್ಣಾ ಹಾಕ್ಲಿಕ್ಕೆ ಹೋಗಿ ಕರ್ರಗ ಆಗಿಬಿಟ್ಟದ. ಹೊಸಾ ಮದುಮಗಳಿಗೆ ಇದನ್ನ ಕೊಟ್ಟು ಪಾಪ ಕಟಗೊಳ್ಳಿಕ್ಕೆ ನನಗ ಮನಸಿಲ್ರಿ."

ಸರಸ್ವತೀಬಾಯಿ ಲಡಿಯನ್ನು ನೋಡಿದರು, ಜಾನಕಿಬಾಯಿಯ ಕರಿ ಕೈ ನೋಡಿದರು. ತಮ್ಮ ಗಂಟು ಬಿಚ್ಚಿದರು.

ಒಳಗಿದ್ದುದು ಹೊಸ ಸೀರೆ. ಕೆಂಪು ಸೆರಗು. ಮೈಯೆಲ್ಲ ಅಚ್ಚ ಕರಿ.

"ಚಂದ್ರಕಾಳಿ" ಎಂದರು ಸರಸ್ವತೀಬಾಯಿ. ಅವರ ಕಣ್ಣಲ್ಲಿ ನೀರಾಡಿತು. "ಮಗಳದು ಮೊದಲನೇ ಸಂಕ್ರಮಣ. ಇದನ್ನ ತಗೊಳ್ಳಿಕ್ಕಂತಽ ಬಂದಿದ್ದೆ. ಇದರ ಮ್ಯಾಲೆ ಹಾಕ್ಕೊಳ್ಳಿಕ್ಕೆ ಕರೀ ಸ್ವೆಟರು ಆಗಿದ್ರ ಅಂತ ಆಸೆ ಇತ್ತು, ಬಾಯಿಬಿಟ್ಟು ಹೇಳ್ಳಿಕ್ಕೆ ಸಂಕೋಚ ಆತು. ಹೇಳದ ತಿಳಕೊಂಡ್ಯಲ್ಲ ಜಾನಕಿ. ಕೈಯೆಲ್ಲಾ ಹ್ಯಾಂಗ ಮಾಡ್ಕೊಂಡೀ ನನ್ನ ಮಗಳಿಗೆ ಅಂತ."

ಮೊರದ ಹಿಂದಿನಿಂದ ಅತ್ತೆ ಹೇಳಿದರು: "ಅದನ್ನಽ ಹೇಳ್ಳಿಕತ್ತಿದ್ದೆ. ಕರೀದು ಕೊಡೂದು ಒಂದಽ ಸಲ, ಮೊದಲನೇ ಸಂಕ್ರಮಣಕ್ಕ. ನೀ ಎಲ್ಲೆ ನಿಂತಿ? ಗ್ವಾಡಿ ಹಾರಿದಿ."

ಜಾನಕಿಬಾಯಿಗೂ ಅಂಥದೊಂದು ಸೀರೆ ಬಂದಿತ್ತು, ಹನ್ನೊಂದು ವರ್ಷದ ಹಿಂದೆ. ಟ್ರಂಕಿನ ತಳದಲ್ಲಿದೆ. ಅವಳು ಸಂಕ್ರಮಣದ ಎಳ್ಳಿನ ಮೊರವನ್ನೇ ನೋಡಿದಳು. ಬೆಳಗಿನಿಂದ ಅದು ಅವಳ ಕಣ್ಣ ಮುಂದೆಯೇ ಇತ್ತು.

"ಸಂಕ್ರಮಣಕ್ಕ ಇನ್ನ ಎಂಟು ದಿನಾ ಅದ. ಆಗ್ತದಲ್ಲ?"

"ಆರು ದಿನಕ್ಕಽ ಆಗ್ತದ್ರಿ" ಎಂದರು ಮಾಸ್ತರರು. ಅವರಿಗೆ ಜೀವ ಮರಳಿತ್ತು. "ಈಕಿ ಕೈ ಭಾಳ ಚುರುಕು."

"ಅಂದಂಗ, ಜಾನಕಿ." ಸರಸ್ವತೀಬಾಯಿ ಚೀಲಕ್ಕೆ ಕೈ ಹಾಕಿದರು. "ನಿನಗ ಒಂದೂ ಸ್ವೆಟರಿಲ್ಲ ಅಂತ ನಿಮ್ಮ ಯಜಮಾನ್ರು ಅವತ್ತ ಮಾತಿಗೆ ಹೇಳಿದ್ರು. ನನಗ ಭಾಳ ಕೆಟ್ಟ ಅನಸ್ತು. ತಗೋ, ಇದನ್ನ ನಿನಗಂತ ತಂದೇನಿ. ಮೊಣಕೈ ಹತ್ರ ಒಂದೀಟು ಜಾಳಾಗೇದ, ಅಷ್ಟಽ. ಎಲ್ಲೆ ತಗೊಂಡಿದ್ದೆನೋ ನೆನಪಿಲ್ಲ. ಆದ್ರ ಕೆಲಸ ಏನ ಕೆಲಸ ಅಂತೀ, ಇಂಥಾದ್ದು ಈಗ ಎಲ್ಲೂ ಸಿಗೂದಿಲ್ಲ."

ಇಟ್ಟಂಗಿ ಬಣ್ಣದ ಸ್ವೆಟರು. ಜಾನಕಿಬಾಯಿ ಅದನ್ನು ಮುಟ್ಟಲಿಲ್ಲ. ಎಡಗೈಯ ಮುಂಗೈಪಟ್ಟಿ ಮೇಲೆಯೇ ಇತ್ತು. ತಿರುವಾಗಿ ಬಿದ್ದ ಆ ಒಂದು ಹೆಣಿಕೆ ಇದ್ದಲ್ಲೇ ಇತ್ತು.

"ಬ್ಯಾಡ್ರಿ" ಎಂದಳು.

"ಸಂಕೋಚ ಯಾಕ? ತಗೋ."

"ತಗೋ ಅಂದ್ರ ತಗೋ" ಎಂದರು ಮಾಸ್ತರರು, ನಗುತ್ತ, ಕಣ್ಣಲ್ಲಿ ಬೇಡುತ್ತ. "ಪ್ರೀತೀಲೆ ಕೊಡ್ಲಿಕತ್ತಾರ. ಥಂಡ್ಯಾಗ ಬೆಚ್ಚಗಿರ್ತದ."

"ಬ್ಯಾಡ" ಎಂದಳು ಜಾನಕಿಬಾಯಿ.