ಟಾಂಕಿಯ ಬಾಣಂತನ

ನನ್ನ ತಮ್ಮನಿಗೆ ಮನುಷ್ಯರಿಗಿಂತ ಗೋಡೆಗಳ ಪರಿಚಯ ಜಾಸ್ತಿ. ಮದುವೆಗೆ ಹೋಗಿ ಬಂದರೆ ಮದುಮಗಳು ಹೇಗಿದ್ದಳು ಅಂತ ಅವನಿಗೆ ಗೊತ್ತಿರುವುದಿಲ್ಲ. ಮದುವೆ ಹಾಲಿನ ಯಾವ ಕಂಬದಲ್ಲಿ ಎಷ್ಟುದ್ದ ಬಿರುಕಿತ್ತು ಅಂತ ಕೇಳಿ, ಗೇಣು ಹಾಕಿ ತೋರಿಸುತ್ತಾನೆ. ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು? ಕೊಡಲಿಲ್ಲ.

ಮೂವತ್ತು ವರ್ಷ ಕಾಂಕ್ರೀಟು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ದುಡಿದ. ಕಾಂಕ್ರೀಟಿನ ತುಂಡುಗಳನ್ನು ನೀರಲ್ಲಿ ನೆನೆಹಾಕುವುದು, ಆಮೇಲೆ ಮಿಶನ್ನಿಗೆ ಕೊಟ್ಟು ಒಡೆಯುವುದು. ನಾನೂ ಜನ್ಮವಿಡೀ ಉದ್ದು ನೆನೆಹಾಕಿದವಳೇ. ನನ್ನದರಲ್ಲಿ ಇಡ್ಲಿಯಾದರೂ ಆಗುತ್ತಿತ್ತು! ರಿಟೈರಾದ ಮೇಲೆ ಕಳವಾ ಅನ್ನುವ ಊರಿನ ತನ್ನ ಒಂದೇ ಕೋಣೆಯ ಮನೆಗೆ ಬೀಗ ಹಾಕಿ, ಘಣಸೋಲಿಯ ನಮ್ಮ ಮನೆಗೆ ಬಂದ.

ಹೋದ ವರ್ಷ ನಮ್ಮ ಟೆರೇಸಿನಲ್ಲಿ ಹೊಸದಾಗಿ ಕಟ್ಟಿದ ನೀರಿನ ಟಾಂಕಿ ಸೋರಿತು. ಕೂದಲೆಳೆಯಷ್ಟು ಬಿರುಕು. ಸೊಸೈಟಿಯ ಸೆಕ್ರೆಟರಿ ರಿಪೇರಿಯವರನ್ನು ಕರೆಸಿದರೆ ಇವನು ಅಡ್ಡ ನಿಂತ. ಇದು ಕಲ್ಲಿದ್ದಲಿನ ಬೂದಿ ಬೆರೆಸಿದ ಸಿಮೆಂಟು, ನೀರು ತಾಗುತ್ತ ಇದ್ದರೆ ಒಳಗೆ ಗಟ್ಟಿಯಾಗದೆ ಉಳಿದ ಪುಡಿ ಎಚ್ಚರಾಗಿ ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಟಾಂಕಿ ತುಂಬಿಟ್ಟು ಸುಮ್ಮನಿರಿ ಅಂದ. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಇವನಿಗೆ ರೋಷ ಬಂತು. "ಹೆತ್ತವಳಿಗೆ ನಲವತ್ತು ದಿನ ಕೊಡುವುದಿಲ್ವಾ? ಇದಕ್ಕೂ ಕೊಡಿ. ಆಮೇಲೆ ಒಂದು ಹನಿ ಕಂಡರೂ ನಾನು ಕಳವಾಕ್ಕೆ ವಾಪಸು ಹೋಗ್ತೇನೆ."

ಮನೆಮನೆಗೆ ನುಗ್ಗಿ ಗೋಡೆ ತಟ್ಟಿ ನೋಡುವ ಇವನ ಕಾಟಕ್ಕೆ ಬೇಸತ್ತವರು, ತಕ್ಷಣ ಒಪ್ಪಿದರು. ಮೂರು ಹೆತ್ತ ನನಗೆ ಯಾವ ಸಲವೂ ಹದಿನೈದು ದಿನ ದಾಟಿ ಮಲಗಲು ಬಿಟ್ಟದ್ದಿಲ್ಲ, ಟಾಂಕಿಗೆ ನಲವತ್ತು!

ಬೆಳಿಗ್ಗೆ ಚಹಾ ಹಿಡಿದು ಹೋಗಿ ಅದರ ಎದುರು ಕೂತುಬಿಡುತ್ತಿದ್ದ. ಒಂದು ದಿನ ಬೈದು ಕರೆತರಲು ಹೋದ ನಾನೂ ಕೂತೆ. ಸಮುದ್ರದ ಖಾಡಿಯ ಕಡೆಯಿಂದ ಮಂಜು ಬರುತ್ತಿತ್ತು. ದೊಡ್ಡ ದೊಡ್ಡ ಬಿಲ್ಡಿಂಗುಗಳು ಕಾಲಿಲ್ಲದೆ ತೇಲುತ್ತಿದ್ದವು. ಟಾಂಕಿಯ ಹೊಟ್ಟೆಯೊಳಗೆ ನೀರು ಏನೋ ಗುನುಗುತ್ತಿತ್ತು. ನೋಡುತ್ತ ನೋಡುತ್ತ ಬಿರುಕಿನ ಅಂಚಿನಲ್ಲಿ ಬೆಳ್ಳಗೆ ಕಾಣಿಸಿತು, ಆರುವ ಹಾಲಿಗೆ ಕೆನೆ ಕಟ್ಟಿದ ಹಾಗೆ. ಸಿಮೆಂಟು ನಿದ್ದೆಯಲ್ಲಿ ಏನನ್ನೋ ನೆನಪು ಮಾಡಿಕೊಳ್ಳುತ್ತಿದೆ ಅನಿಸಿತು. ಎಷ್ಟು ಹೊತ್ತು ಕೂತೆನೋ, ಕೆಳಗೆ ಸಾರು ತಳ ಹಿಡಿದಿತ್ತು.

ನಲವತ್ತನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಅವನ ಟ್ರಂಕು ಮಂಚದ ಕೆಳಗಿಂದ ಹೊರಗೆ ಬಂದಿದೆ. ಅಂಗಿಗಳನ್ನು ಮಡಚಿ ಒಳಗಿಟ್ಟಾಗಿದೆ. ಅವನು ಸ್ನಾನಕ್ಕೆ ಹೋಗಿದ್ದ. ನಾನು ಮಂಡಿ ಹಿಡಿದುಕೊಂಡು ಟೆರೇಸು ಹತ್ತಿದೆ.

ಬಿರುಕು ಮುಚ್ಚಿತ್ತು. ಮೇಲಿಂದ ಕೆಳಗಿನವರೆಗೆ ಬಿಳಿ ಗೆರೆ. ಕೆಳತುದಿಯಲ್ಲಿ ಮಾತ್ರ ಒಂದು ಹನಿ. ಸೆರಗಿನಲ್ಲಿ ಒರೆಸಿದೆ. ನಿಧಾನಕ್ಕೆ ಮತ್ತೆ ಮೂಡಿತು. ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ನಾನು ಅಲ್ಲೇ, ಹನಿಗೆ ಬೆನ್ನು ಕೊಟ್ಟು, ಕೂತೆ.

"ಆಜೀ, ಜರಾ ಉಠಾ," ಅಂದ ಸೆಕ್ರೆಟರಿ, ಸ್ವಲ್ಪ ಏಳಿ ಅಂತ ಮರಾಠಿಯಲ್ಲಿ. ಮಂಡಿ ಹಿಡಿದಿದೆ, ನೀನೇ ಎತ್ತುತ್ತೀಯಾ ಅಂತ ಕೇಳಿದೆ. ನನ್ನ ಗಾತ್ರ ನೋಡಿ ಆ ಯೋಚನೆ ಬಿಟ್ಟ. ನನ್ನ ತಲೆಯ ಮೇಲಿಂದ ಗೆರೆ ಸವರಿದ, ಕೈ ಒಣಗಿಯೇ ಇತ್ತು. ಒಪ್ಪಿಕೊಂಡು ಇಳಿದುಹೋದ.

ಸ್ನಾನ ಮುಗಿಸಿ ಅವನ ಹಿಂದೆಯೇ ಬಂದು ನಿಂತಿದ್ದ ತಮ್ಮ ಕೈ ಕೊಟ್ಟು ನನ್ನನ್ನು ಎಬ್ಬಿಸಿದ. ಗೋಡೆ ನೋಡಿದ, ಒದ್ದೆಯಾದ ನನ್ನ ಬೆನ್ನು ನೋಡಿದ. ಅಳತೆಯಲ್ಲಿ ಕೂದಲಷ್ಟು ಸುಳ್ಳನ್ನೂ ಸಹಿಸದವನು, ಈಗ ಕೂಗಾಡುತ್ತಾನೆ ಅಂದುಕೊಂಡೆ. ಅವನು ಹೆಗಲ ಮೇಲಿದ್ದ ಬೈರಾಸು ತೆಗೆದು ನನ್ನ ಬೆನ್ನಿಗೆ ಹೊದಿಸಿದ.

"ಸೀರೆ ಬದಲಾಯಿಸು ಅಕ್ಕ, ಶೀತ ಆಗ್ತದೆ," ಅಂದ. "ಟಾಂಕಿಗೆ ಇನ್ನು ನಾಲ್ಕು ದಿನ ಸಾಕು."