ಗಾಡಿ ತೊಳೆಯುವವರಿಗೆ ಮೂರು ಸಾಫ್ಟ್‌ವೇರ್

ಎಂ.ಕಾಂ. ಓದಿದವರಿಗೆ ಲೆಕ್ಕ ಬರುತ್ತದೆ ಎಂದು ನಂಬುವ ಬಂಧುಗಳು ಇರುವವರೆಗೂ ನನಗೆ ಇಂಥವು ಆಗುತ್ತಲೇ ಇರುತ್ತವೆ.

ನನ್ನ ತಮ್ಮ ಕೋಟನೂರ ಕಡೆ ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ಇಟ್ಟಿದ್ದಾನೆ. ಬೋರ್ಡಿನ ಮೇಲೆ ‘ಕಾರ್ ಡಿಟೇಲಿಂಗ್ ಸ್ಟುಡಿಯೋ’ ಎಂದಿದೆ. ಕಲಬುರಗಿಯ ಜನ ‘ಗಾಡಿ ತೊಳಿಯೋ ಅಂಗಡಿ’ ಎನ್ನುತ್ತಾರೆ. ಕಮಲಾಪುರದಲ್ಲಿ ಎರಡನೆಯ ಅಂಗಡಿ ತೆರೆಯಬೇಕೆಂದು ಅವನ ಆಸೆ. ಅಲ್ಲಿ ಹೆದ್ದಾರಿಗೆ ಹತ್ತಿದ ಒಂದು ಶೆಡ್ಡು ಅವನ ಮಾವನದು. ಮಾವ ಕೆಂಪು ಬಾಳೆಯ ವ್ಯಾಪಾರಿ. ವಾರಕ್ಕೊಮ್ಮೆ ಕಲಬುರಗಿಗೆ ಬರುತ್ತಾರೆ, ಡಿಕ್ಕಿಯಿಂದ ಒಂದು ಬಾಳೆಗೊನೆ ಇಳಿಸುತ್ತಾರೆ, ಗಾಡಿ ತೊಳೆಸಿಕೊಂಡು ಹೋಗುತ್ತಾರೆ. ಇವನು ದುಡ್ಡು ಕೇಳುವುದಿಲ್ಲ, ಅವರು ಕೊಡುವುದಿಲ್ಲ.

ಶೆಡ್ಡಿನ ಮಾತು ತೆಗೆದಾಗ ಅವರು ಅಂಗಡಿಯ ವಹಿ ತರಿಸಿದರು. ಅದು ಶಾಂಪೂ ನೀರಿನಲ್ಲಿ ಎರಡು ಸಲ ಬಿದ್ದೆದ್ದಿತ್ತು.

“ಅಳಿಯಾರ, ಇದು ಲೆಕ್ಕದ ವಹಿಯೋ, ನೆಲಾ ಒರಸೋ ಅರಬಿಯೋ? ದೀಪಾವಳಿಯೊಳಗ ಕಂಪ್ಯೂಟರ್‌ದಾಗ ಖರೇ ಲೆಕ್ಕ ತೋರಸ್ರಿ, ಕೀಲಿ ಕೊಡ್ತೀನಿ. ಇಲ್ಲಂದ್ರ ಗೊಬ್ಬರದ ಅಂಗಡಿಯವ ಕೇಳ್ಯಾನ.”

ತಮ್ಮ ಸೀದಾ ನನ್ನ ಮನೆಗೆ ಬಂದ. ಎಂ.ಕಾಂ. ಇತ್ತಲ್ಲ.

ಒಂದು ಕ್ವಿಂಟಲ್ ಪಾಲಿಶ್

ಮೊದಲ ಸಾಫ್ಟ್‌ವೇರ್ ಮಾರಲು ಬಂದವನು ಟೈ ಕಟ್ಟಿದ್ದ. “ನೆಹರು ಗಂಜಿನ ಅಡತಿ ಅಂಗಡ್ಯಾಗೆಲ್ಲ ಇದೇ ಅದ ರೀ, ಮೇಡಂ.”

“ಅವರು ತೊಗರಿ ಮಾರ್ತಾರ. ನಾವು ಕಾರು ತೊಳೀತೀವಿ.”

“ಲೆಕ್ಕ ಅಂದ್ರ ಲೆಕ್ಕ ರೀ. ತೊಗರಿ ಏನು, ಕಾರು ಏನು.”

ಈ ಮಾತು ತಮ್ಮನಿಗೆ ವೇದಾಂತದಂತೆ ಕೇಳಿಸಿತು. ನಾನು ಬೇಡ ಎನ್ನುವಷ್ಟರಲ್ಲಿ ದುಡ್ಡು ಕೊಟ್ಟಿದ್ದ. ಮರುದಿನ ಮೊದಲ ಗಿರಾಕಿಗೆ ಪಾಲಿಶ್ ಜೊತೆ ಹಮಾಲಿ ಮತ್ತು ಖಾಲಿ ಚೀಲದ ದುಡ್ಡೂ ಬಿತ್ತು. ಎರಡನೆಯ ಬಿಲ್ಲು ಹೊರಗೇ ಬರಲಿಲ್ಲ. ಪಾಲಿಶ್ ಮೇಸ್ತ್ರಿ ನನಗೆ ಫೋನ್ ಮಾಡಿದರು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರು, ವಹಿ ಬರೆಯುವವರೂ ಅವರೇ.

“ಅಕ್ಕೋರೆ, ಇದು ಮಾಲಿನ ವಜನ್ ಎಷ್ಟು ಕ್ವಿಂಟಲ್ ಅಂತ ಕೇಳ್ತದ.”

“ಏನಾದರೂ ಒಂದು ಹಾಕ್ರಿ.”

“ಗಾಡಿ ವಜನ್ ಹಾಕ್ಲೋ, ತೊಳದಾಗ ಇಳಿದ ಕೆಸರಿನ ವಜನ್ ಹಾಕ್ಲೋ?”

ಪಂಢರಪುರಕ್ಕೆ ಹೋದ ಲೆಕ್ಕ

ಎರಡನೆಯದು ಫೋನಿನಲ್ಲಿ ನಡೆಯುವಂಥದ್ದು. ಹದಿನೈದು ದಿನ ಪುಕ್ಕಟೆ, ಆಮೇಲೆ ದುಡ್ಡು. ಒಮ್ಮೆ ಪೆಟ್ಟು ತಿಂದ ತಮ್ಮ ಈ ಸಲ ಜಾಣನಾದ. ಹದಿನಾರನೆಯ ದಿನ ಹೆಂಡತಿಯ ಫೋನಿನಲ್ಲಿ ಹೊಸದಾಗಿ ಶುರು ಮಾಡಿದ. ಆಮೇಲೆ ನನ್ನ ಫೋನು. ಆಮೇಲೆ ಸೋದರತ್ತೆಯದು. ಒಂದು ಪೈಸೆ ಖರ್ಚಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಒಂದು ದಿನ ಮಾವ ಫೋನ್ ಮಾಡಿ ಜ್ಯೇಷ್ಠದ ಲೆಕ್ಕ ಕೇಳಿದರು.

“ಎಲ್ಲದೋ ಅದು?” ಎಂದು ತಮ್ಮನನ್ನು ಕೇಳಿದೆ.

“ಅರ್ಧ ನಿನ್ನ ಫೋನಿನ್ಯಾಗ ಅದ ಅಕ್ಕ. ಇನ್ನರ್ಧ ಅತ್ತಿ ಫೋನಿನ್ಯಾಗ.”

ಅತ್ತೆ ದಿಂಡಿ ಯಾತ್ರೆಯವರ ಜೊತೆ ಪಂಢರಪುರಕ್ಕೆ ನಡೆಯುತ್ತಿದ್ದರು. ಫೋನು ಬಂದ್. ತಮ್ಮ ಹದಿನೈದು ದಿನ ಅತ್ತೆಗಿಂತ ಹೆಚ್ಚು ಭಕ್ತಿಯಿಂದ ವಿಠ್ಠಲನನ್ನು ನೆನೆದ. ಅತ್ತೆ ಬಂದರು, ಪ್ರಸಾದ ಕೊಟ್ಟರು. ಫೋನು ಚಂದ್ರಭಾಗೆಯಲ್ಲಿ ಸ್ನಾನ ಮಾಡುವಾಗ ಸೊಂಟದಿಂದ ಜಾರಿತ್ತಂತೆ.

“ಲೆಕ್ಕ ಹೋತಲ್ಲ ಅತ್ತಿ” ಎಂದು ತಮ್ಮ ತಲೆ ಹಿಡಿದು ಕೂತ.

“ಎಲ್ಲಿ ಹೋತೋ? ನಾಕು ಮಂದಿ ಫೋನಿನ್ಯಾಗ ಬಚ್ಚಿಟ್ಟಿದ್ದು ಈಗ ಸೀದಾ ದೇವರಿಗೇ ಮುಟ್ಟ್ಯದ.”

ಇದ್ದದ್ದು ಇದ್ದ ಹಾಗೆ

ಮೂರನೆಯದನ್ನು ನಾನೇ ಆರಿಸಿದೆ, ದುಡ್ಡು ಕೊಡಿಸಿ. ಆದ್ದರಿಂದ ಮುಂದಿನದಕ್ಕೆ ನಾನೇ ಹೊಣೆ. ಇಷ್ಟೆಲ್ಲದರ ನಡುವೆಯೂ ಮೇಸ್ತ್ರಿ ವಹಿ ಬರೆಯುವುದನ್ನು ಬಿಟ್ಟಿರಲಿಲ್ಲ.

“ವಹಿಯೊಳಗ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಹಾಕ್ರಿ, ಏನೂ ಬಿಡಬ್ಯಾಡ್ರಿ” ಎಂದು ಮೇಸ್ತ್ರಿಗೆ ಹೇಳಿದೆ. ಅವರು ಏನೂ ಬಿಡಲಿಲ್ಲ. ಮೇಸ್ತ್ರಿ ಗಿರಾಕಿಗಳನ್ನು ಹೆಸರಿನಿಂದ ಗುರುತಿಡುವುದಿಲ್ಲ, ಗಾಡಿಯಿಂದ ಮತ್ತು ಗುಣದಿಂದ ಗುರುತಿಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಈ ಸಾಫ್ಟ್‌ವೇರ್ ಪ್ರತಿ ಒಂದನೇ ತಾರೀಕು ಬಾಕಿ ಇದ್ದವರಿಗೆಲ್ಲ ತಾನೇ ಮೆಸೇಜ್ ಕಳಿಸುತ್ತದೆ. ಅದನ್ನು ನೋಡಿಯೇ ನಾನು ಮೆಚ್ಚಿದ್ದೆ.

ಒಂದನೇ ತಾರೀಕು ಐವಾನ್-ಎ-ಶಾಹಿ ಬಡಾವಣೆಯ ಹಲ್ಲಿನ ಡಾಕ್ಟರಿಗೆ ಮೆಸೇಜ್ ಹೋಯಿತು: “ಪ್ರಿಯ ನಾಯಿ ವಾಸನೆ ಡಾಕ್ಟರ್ ಅವರೇ.” ಅವರು ಫೋನ್ ಮಾಡಿ, ಮನೆಯಲ್ಲಿ ನಾಯಿಯೇ ಇಲ್ಲ ಎಂದರು. ಮೇಸ್ತ್ರಿಗೆ ಹೇಳಿದೆ. “ಹಂಗಾದ್ರ ಆ ವಾಸನಿ ಯಾರದು ಅಂತ ಕೇಳ್ರಿ” ಎಂದರು.

“ಪ್ರಿಯ ಚೌಕಾಸಿ ವಕೀಲ ಅವರೇ” ಎಂದು ಮೆಸೇಜ್ ಹೋದ ವಕೀಲರಿಗೆ ಸಿಟ್ಟೇನೂ ಬರಲಿಲ್ಲ. ಐದು ನಿಮಿಷದಲ್ಲಿ ಉತ್ತರ ಬಂತು: “ಸ್ವಲ್ಪ ಕಮ್ಮಿ ಮಾಡ್ಕೋರಿ.”

ಅಮೂಲ್ಯ ಸಂಬಂಧ

ಮೆಸೇಜ್ ಹೋದವರ ಪಟ್ಟಿಯ ಕೊನೆಯ ಹೆಸರು ನೋಡಿ ತಮ್ಮ ಗಾಡಿಯ ಕೀಲಿ ಕೈಗೆತ್ತಿಕೊಂಡ. ಕಮಲಾಪುರಕ್ಕೆ ಹೋದ ಮೆಸೇಜ್ ಹೀಗಿತ್ತು: “ಪ್ರಿಯ ಫುಕಟ್ ಮಾವ ಅವರೇ, ಇಪ್ಪತ್ತನಾಲ್ಕು ಸಲ ಗಾಡಿ ತೊಳೆದದ್ದು, ಬಾಕಿ ಹನ್ನೆರಡು ಸಾವಿರ. ನಿಮ್ಮೊಂದಿಗಿನ ಸಂಬಂಧ ನಮಗೆ ಅಮೂಲ್ಯ.”

ದೀಪಾವಳಿಗೆ ವಾರ ಉಳಿದಿತ್ತು. ತಮ್ಮ ನನ್ನನ್ನು ಕೂರಿಸಿಕೊಂಡು ಕಮಲಾಪುರಕ್ಕೆ ಗಾಡಿ ಓಡಿಸಿದ. ಮಾವ ಬಾಳೆಗೊನೆಗಳ ನಡುವೆ ಕನ್ನಡಕ ಏರಿಸಿ ಫೋನಿನಲ್ಲಿ ತಾರೀಕುಗಳನ್ನು ಒಂದೊಂದಾಗಿ ಓದುತ್ತಿದ್ದರು.

“ಮಾವಾರ, ಅದು ಮೇಸ್ತ್ರಿ ತಪ್ಪು…”

“ಹೋದ ತಿಂಗಳ ಏಳನೇ ತಾರೀಕಿಂದು ತಪ್ಪದ. ಅವತ್ತು ನಾ ಬೀದರಿನ್ಯಾಗ ಇದ್ದೆ. ಉಳಿದ ಇಪ್ಪತ್ತಮೂರು ಖರೆ ಅವ.” ಹನ್ನೊಂದೂವರೆ ಸಾವಿರ ಎಣಿಸಿ ಮುಂದಿಟ್ಟರು. ಅದರ ಮೇಲೆ ಶೆಡ್ಡಿನ ಕೀಲಿ ಇಟ್ಟರು. “ಹೆಣ್ಣು ಕೊಟ್ಟ ಮಾವನ್ನ ಬಿಡದ ಲೆಕ್ಕ ಇನ್ಯಾರನ್ನ ಬಿಡ್ತದ? ಗೊಬ್ಬರದವಗ ಇಲ್ಲ ಅಂತೀನಿ. ಈ ಸಾಫ್ಟ್‌ವೇರ್ ಎಲ್ಲಿ ಸಿಗ್ತದ, ಅಷ್ಟು ಹೇಳ್ರಿ.”

ತಮ್ಮ ಖುಷಿಯಲ್ಲಿ ನಂಬರು ಕೊಟ್ಟ.

ಮುಂದಿನ ಒಂದನೇ ತಾರೀಕು ಅವನ ಫೋನಿಗೆ ಮೆಸೇಜ್ ಬಂತು. “ಪ್ರಿಯ ಫುಕಟ್ ಅಳಿಯ ಅವರೇ, ಬಾಳೆಗೊನೆ ಇಪ್ಪತ್ತಮೂರು, ಹನ್ನೊಂದೂವರೆ ಸಾವಿರ.” ಸರಿ ಇದೆಯೇ ನೋಡು ಎಂದು ಫೋನನ್ನು ನನ್ನ ಕೈಗೆ ಕೊಟ್ಟ. ನೋಡಿದೆ. ತಾರೀಕುಗಳೆಲ್ಲ ನಮ್ಮ ಲೆಕ್ಕದವೇ, ಆ ಏಳನೆಯದನ್ನು ಬಿಟ್ಟು. ಕೆಳಗೆ ಇನ್ನೊಂದು ಸಾಲಿತ್ತು: “ಡಿಕ್ಕಿಯಿಂದ ಇಳಿಸಿದ ಹಮಾಲಿ, ನೂರು ರೂಪಾಯಿ. ನಿಮ್ಮೊಂದಿಗಿನ ಸಂಬಂಧ ನಮಗೆ ಅಮೂಲ್ಯ.”