ಒಂದು ಟೈಲಿನ ಸ್ಯಾಂಪಲ್

ಹೋದ ತಿಂಗಳು ಫಳಫಳಪ್ಪ ಫೋನಿನಲ್ಲೇ ರೇಟು ಹೇಳಿ ಕೆಟ್ಟಿದ್ದ. ಹೊಸದಾಗಿ ಕಟ್ಟಿದ ಮನೆ, ಸ್ವಲ್ಪ ಧೂಳು ಅಷ್ಟೇ ಎಂದಿದ್ದರು. ಹೋಗಿ ನೋಡಿದರೆ ನೆಲದ ತುಂಬ ಸಿಮೆಂಟು ಹುಣ್ಣಿನ ಹಕ್ಕಳೆಯ ಹಾಗೆ ಕಚ್ಚಿಕೊಂಡಿತ್ತು. ಒಂದು ದಿನದ ರೇಟಿಗೆ ನಾಲ್ಕು ದಿನ ಉಜ್ಜಿದ್ದ. ಫಳಫಳ ಎಂಬುದು ಅವನ ಕ್ಲೀನಿಂಗ್ ಕಂಪನಿಯ ಹೆಸರು. ಅಪ್ಪನನ್ನು ಸೇರಿಸಿದವರು ಬೀದಿಯವರು. ಕಂಪನಿಯೆಂದರೆ ಅವನೊಬ್ಬನೇ.

"ಈ ಸಲಾನೂ ಕೈ ಸುಟ್ಕೊಂಡ್ರೆ ಮುಗೀತು ರೀ," ಎಂದಳು ಹೆಂಡತಿ. "ಮಾರನೇ ದಿನದಿಂದ ನಮ್ಮಣ್ಣನ ಅಂಗಡೀಲಿ ಕೂತ್ಕೊಂಡು ಪೇಂಟ್ ಡಬ್ಬಿ ಮಾರಿ."

ಪೇಂಟು ಕೆರೆದೇ ಹೊಟ್ಟೆ ಹೊರೆದವನು ಪೇಂಟು ಮಾರುವುದೆ! ಅದೂ ಮದುವೆಯಾದ ದಿನದಿಂದ ತನ್ನನ್ನು "ಏನ್ ಕಸದ ಸಾಹುಕಾರ್ರೇ" ಎಂದೇ ಕರೆಯುವ ಭಾವನ ಕೈಕೆಳಗೆ! ಫಳಫಳಪ್ಪ ಯೋಚಿಸಿ ಯೋಚಿಸಿ ಹೊಸ ಪದ್ಧತಿ ಕಂಡುಹಿಡಿದ: ರೇಟು ಹೇಳುವ ಮೊದಲು ಒಂದು ಟೈಲು ಉಜ್ಜಿ ನೋಡುವುದು, ಎಷ್ಟು ಹೊತ್ತು ಹಿಡಿಯಿತೋ ಅದನ್ನು ಇಡೀ ಮನೆಗೆ ಗುಣಿಸುವುದು. 'ಸ್ಯಾಂಪಲ್ ಉಚಿತ' ಎಂದು ಕಾರ್ಡನ್ನೂ ಮಾಡಿಸಿದ.

ಮೊದಲ ಕಾರ್ಡು ಹೋದದ್ದು ಒಂದು ಹೊಸ ಮನೆಗೆ. ಫೋನು ಮಾಡಿ ಕರೆಸಿದ ಹೆಂಗಸು ಕೀಲಿ ಗೊಂಚಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾರ್ಡನ್ನು ಎರಡು ಸಲ ಓದಿ, ಜೋಪಾನವಾಗಿ ಪರ್ಸಿಗೆ ಸೇರಿಸಿ, ಖಾಲಿ ಬಕೆಟ್ಟು ಬೋರಲು ಹಾಕಿಕೊಂಡು ಕುಳಿತಳು.

ಹಾಲ್‌ನ ನಡುವೆ ಒಂದು ಟೈಲು ಉಜ್ಜಿದ. ಎರಡು ನಿಮಿಷಕ್ಕೆ ಫಳಫಳ.

"ಇದೇನ್ರೀ ಕಲೆ?" ಎದುರು ಮನೆಯ ನಿವೃತ್ತ ಗುಮಾಸ್ತರು ಆಗಲೇ ಒಳಗೆ ಬಂದಿದ್ದರು. ಯಾರ ಮನೆ ಬಾಗಿಲು ತೆರೆದರೂ ಅವರಿಗೆ ಸಂಬಳವಿಲ್ಲದ ಡ್ಯೂಟಿ ಶುರು.

"ಕಲೆ ಅಲ್ಲ ಸಾರ್, ಕ್ಲೀನ್ ಆಗಿರೋದು ಅದೊಂದೇ."

"ಅದನ್ನೇ ನಾನೂ ಹೇಳ್ತಿರೋದು. ಅದೊಂದೇ ಎದ್ದು ಕಾಣ್ತಿದೆ."

ಸುಳ್ಳೇನಲ್ಲ. ಧೂಳಿನ ನಡುವೆ ಆ ಟೈಲು ಬೋಳುತಲೆಯ ಹಾಗೆ ಹೊಳೆಯುತ್ತಿತ್ತು. ಸುತ್ತಲಿನ ಎಂಟನ್ನೂ ಉಜ್ಜಿದ. ಕಲೆ ದೊಡ್ಡದಾಯಿತು. ಗೋಡೆಯವರೆಗೆ ಹೋದರೆ ಅಂಚು ಕಾಣುವುದಿಲ್ಲ ಎಂದರು ಗುಮಾಸ್ತರು. ನಾಲ್ಕೂ ಗೋಡೆ ಮುಟ್ಟುವಷ್ಟರಲ್ಲಿ ಹಾಲ್ ಮುಗಿದಿತ್ತು.

"ಅಡುಗೆಮನೆ ಕಲೆ ಬೇರೆ ಥರ," ಎಂದಳು ಹೆಂಗಸು. "ಹಾಲ್ ನೋಡಿ ಅಲ್ಲಿಗೂ ರೇಟ್ ಹೇಳಿದ್ರೆ ನಿಮಗೇ ಲಾಸು."

ತನ್ನ ಲಾಸಿನ ಬಗ್ಗೆ ಇಷ್ಟು ಮರುಗಿದ ಗಿರಾಕಿಯನ್ನು ಫಳಫಳಪ್ಪ ಇದುವರೆಗೆ ಕಂಡಿರಲಿಲ್ಲ. ಅಡುಗೆಮನೆಯಲ್ಲೂ ಒಂದು ಸ್ಯಾಂಪಲ್ ಮಾಡಿದ. ಅದೂ ಗೋಡೆ ಮುಟ್ಟಿತು. ಆಮೇಲೆ ಎರಡು ರೂಮು, ಬಚ್ಚಲು. ಕಿಟಕಿಯ ಗಾಜಿಗೆ ಬ್ಲೇಡು ಹಿಡಿದಾಗ, "ನೀರು ಚಿಮುಕಿಸಿ ಕೆರೀರಿ, ಗೀರು ಬೀಳತ್ತೆ," ಎಂದು ಬಕೆಟ್ಟಿನ ಮೇಲಿಂದಲೇ ಹೇಳಿದಳು. ಎಷ್ಟು ತಿಳಿದವಳು ಎಂದು ಅವನಿಗೆ ಗೌರವ ಹುಟ್ಟಿತು.

ಸಂಜೆಯ ಹೊತ್ತಿಗೆ ಸೊಂಟ ಕೈಕೊಟ್ಟಿದ್ದರೂ ಲೆಕ್ಕ ಸಿದ್ಧವಾಗಿತ್ತು: ಒಂಬತ್ತು ಗಂಟೆ, ಎರಡು ಡಬ್ಬಿ ಆಸಿಡ್, ಆರು ಬ್ಲೇಡು. ಇಷ್ಟು ಕರಾರುವಾಕ್ಕಾದ ರೇಟನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ.

"ಮೇಡಂ, ನಿಮ್ಮ ಮನೆಗೆ ಒಟ್ಟು..." ಎನ್ನುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. "ನಮ್ಮ ಮನೇನಾ ಇದು! ಒಂದೇ ದಿನಕ್ಕೆ ಮುಗಿಸಿಬಿಟ್ರಲ್ಲ!" ಎಂದು ಹೆಂಗಸಿನ ಕೈಗೆ ಲಕೋಟೆ ಕೊಟ್ಟು, ಕೀಲಿ ಗೊಂಚಲು ಇಸಿದುಕೊಂಡು, ಅಡುಗೆಮನೆ ನೋಡಲು ಹೋದರು.

"ಇದು ನಿಮ್ಮ ಮನೆ ಅಲ್ವಾ?"

"ನಂದು ಅಂತ ಯಾವಾಗ ಹೇಳ್ದೆ ಅಣ್ಣಾ? ನಂದೂ ಕ್ಲೀನಿಂಗ್ ಕೆಲಸಾನೇ. ನೋಡದೆ ಫೋನಲ್ಲೇ ರೇಟ್ ಹೇಳ್ಬಿಟ್ಟಿದ್ದೆ. ಬೆಳಗ್ಗೆ ಬಂದು ನೋಡಿದ್ರೆ ಎದೆ ಧಸಕ್ ಅಂತು. ಅರ್ಧ ಕೆಲಸ ಇನ್ನೊಬ್ಬರಿಗೆ ವಹಿಸೋಣ ಅಂತ ನಿಮ್ಮನ್ನ ಕರೆಸ್ದೆ."

"ಹಾಗಾದ್ರೆ ನನ್ನ ದುಡ್ಡು?"

ಆಕೆ ಪರ್ಸಿನಿಂದ ಕಾರ್ಡು ತೆಗೆದು, 'ಸ್ಯಾಂಪಲ್ ಉಚಿತ' ಎಂಬಲ್ಲಿ ಬೆರಳಿಟ್ಟಳು. ಗುಮಾಸ್ತರು ಕನ್ನಡಕ ಏರಿಸಿ ಓದಿದರು.

"ಅಳತೆ ನಮೂದಿಸಿಲ್ಲ," ಎಂದು ಷರಾ ಬರೆದವರಂತೆ ತಲೆಯಾಡಿಸಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಉಜ್ಜಿ ನೋಡಿದ್ರಾ?"

"ಪೂರ್ತಿ ನೋಡ್ದೆ ಕಣೇ."

"ಲೆಕ್ಕ ಸರಿಯಾಗಿ ಬಂತಾ?"

"ಒಂದು ಪೈಸೆ ಆಚೆ ಈಚೆ ಇಲ್ಲ."

"ಸದ್ಯ!" ಎಂದು ಅವಳು ಉಸಿರು ಬಿಟ್ಟಳು.

ಫಳಫಳಪ್ಪ ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕುಳಿತ.

"ನಿಮ್ಮಣ್ಣ ಅಂಗಡಿ ಬಾಗಿಲು ಎಷ್ಟು ಗಂಟೆಗೆ ತೆಗೀತಾರೆ?"